ತೀರ್ಥದ ಚೊಂಬು

"ಮುಂದ್ಗಡೆ ಯಾಕೆ ಒಣಗಾಕ್ದೆ, ಬೋಳಿಮುಂಡೆ? ಬಂದೋರಿಗೆಲ್ಲ ಉಚ್ಚೆ ನಾತ ಕುಡಿಸ್ಬೇಕಾ?"

ಸಂಪತ್ಕುಮಾರ ಕಾಂಪೌಂಡಿನ ಮೇಲಿಂದ ಎಳೆದೆಸೆದ ದುಪ್ಪಟಿ ಮಣ್ಣಿಗೆ ಬಿತ್ತು. ದ್ಯಾವಮ್ಮ ಅದನ್ನು ಎತ್ತಿಕೊಂಡು ಬಂದು ಮತ್ತೆ ಒಗೆಯುವ ಕಲ್ಲಿನ ಮೇಲೆ ಹಾಕಿ ಕುಕ್ಕತೊಡಗಿದಳು. ಹಿತ್ತಲಿಗೆ ಬಿಸಿಲು ಬೀಳುವುದು ಮಧ್ಯಾಹ್ನ ಕಳೆದ ಮೇಲೆ, ಮುಂದಿನ ಗೋಡೆಗೆ ಬೆಳಗಿನಿಂದಲೇ ಬೀಳುತ್ತದೆ. ಅದನ್ನು ಹೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಬಹಳ ದಿನದಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಅರಕಲಗೂಡಿನ ಹೊರಗೆ, ಬುದ್ಧಿ ಬೆಳೆಯದವರನ್ನು ನೋಡಿಕೊಳ್ಳಲೆಂದು ನಡೆಯುತ್ತಿದ್ದ ಆ ಆಶ್ರಮಕ್ಕೆ ಸಂಪತ್ಕುಮಾರ ಮೇಲ್ವಿಚಾರಕ, ದ್ಯಾವಮ್ಮ ಆಯಾ. ಸಂಜೆಯಾದ ಮೇಲೆ, ಹೊರಗಿನ ಜನ ಬರುವ ದಿನ ಬೆಳಗಿನಿಂದಲೇ, ಯಾರಿಗೂ ನೀರು ಕೊಡಬಾರದೆಂಬುದು ಅವನ ಕಟ್ಟಳೆ. ನಲ್ಲಿಯ ಹಿಡಿ ಕಿತ್ತು ಅವಳ ಕೈಗೇ ಕೊಟ್ಟಿದ್ದ. "ನಿಂಗೇ ಒಳ್ಳೇದು ಕಣೆ, ಒಗೆಯೋ ಬಟ್ಟೆ ಕಮ್ಮಿ ಆಗುತ್ತೆ" ಅಂದಿದ್ದ. ಆಗ ಅವಳಿಗೂ ಅದು ಸರಿಯೆನಿಸಿತ್ತು. ಅಂದಿನಿಂದ ಹಿಡಿ ಅವಳ ಎಲೆಯಡಿಕೆ ಚೀಲದಲ್ಲೇ ಇತ್ತು.

ಒದ್ದೆ ಕಡಿಮೆಯಾಗಿತ್ತು, ನಿಜ. ಆದರೆ ಕಲೆ ಅರಿಶಿನದ ಹಾಗೆ ಗಟ್ಟಿಯಾಗುತ್ತಾ ಬಂದಿತ್ತು. ಇವತ್ತು ಪ್ರೇಮಕುಮಾರಿಯ ದುಪ್ಪಟಿಯಲ್ಲಿ ರಕ್ತದ ಎಳೆಯೂ ಇತ್ತು.

"ಸಾ, ಪ್ರೇಮವ್ವ ಉಚ್ಚೆ ಉಯ್ಯಾಕೆ ಕುಂತ್ರೆ ಉರಿ ಅಂತ ಅಳ್ತಾಳೆ. ರಕ್ತ ಓಗೈತೆ. ಒಂದ್ಲೋಟ ನೀರಾದ್ರೂ ಕೊಡ್ಲಾ?"

"ನೀನೇನ್ ಡಾಕ್ಟ್ರಾ? ಜನ ಬರ್ತಾರೆ ಇವತ್ತು. ಹೊಸ ಸೀರೆ ಉಡಿಸಿದೀವಿ, ಅದ್ರಲ್ಲೇ ಹುಯ್ಕೊಂಡ್ರೆ ನೀನು ನೆಕ್ತೀಯಾ? ಊಟದ ಜೊತೆ ಕುಡೀತಾಳೆ ಬಿಡು."

ಪ್ರೇಮಕುಮಾರಿ ಹೊಳೆನರಸೀಪುರದ ಮೇಷ್ಟರೊಬ್ಬರ ಮಗಳು. ಮೂವತ್ತು ದಾಟಿದ್ದರೂ ಮಾತು ನಾಕಾರೇ. ಹೇನೆಂದು ತಲೆ ಬೋಳಿಸಿದ್ದರು. ಕೆಂಪು ಸೀರೆಯಲ್ಲಿ ಗೋಡೆಗೊರಗಿ ಕೂತಿದ್ದವಳು ದ್ಯಾವಮ್ಮನನ್ನು ಕಂಡು ಎರಡೂ ಕೈ ಬೊಗಸೆ ಮಾಡಿದಳು. ತುಟಿ ಒಡೆದಿತ್ತು.

"ತಡಿಯವ್ವ, ಉಣ್ಣುವಾಗ ಕೊಡ್ತೀನಿ" ಅಂದಳು ದ್ಯಾವಮ್ಮ. ಬೊಗಸೆ ಹಾಗೇ ಇತ್ತು.

ಮಲ್ಲಿಪಟ್ಟಣದ ಕೃಷ್ಣಪ್ಪನವರ ಜೀಪು ಬರುವಾಗ ಹೊತ್ತು ನೆತ್ತಿ ದಾಟಿತ್ತು. ಹೊಗೆಸೊಪ್ಪು, ಶುಂಠಿಯಲ್ಲಿ ಕೈ ತುಂಬಿಸಿಕೊಂಡವರು. ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಇಲ್ಲಿ ಅನ್ನದಾನ. ಪಾಯಸದ ಕೊಳಗದ ಜೊತೆ ಒಬ್ಬ ಪುರೋಹಿತರನ್ನೂ, ಫೋಟೋದವನನ್ನೂ ಕರೆತಂದಿದ್ದರು. ಎಲೆ ಹಾಕಿ ಎಲ್ಲರನ್ನೂ ಕೂರಿಸಿದ ಮೇಲೆ ಪೂಜೆ ಶುರುವಾಯಿತು. ಅದು ಮುಗಿಯಲೇ ಇಲ್ಲ.

ಕೊನೆಗೆ ಪುರೋಹಿತರು ಬೆಳ್ಳಿ ಚೊಂಬು ಹಿಡಿದು ಸಾಲಿನುದ್ದಕ್ಕೂ ಉದ್ಧರಣೆಯಲ್ಲಿ ಒಂದೊಂದೇ ಚಮಚ ತೀರ್ಥ ಹಾಕುತ್ತಾ ಬಂದರು. ಪ್ರೇಮಕುಮಾರಿ ಅಂಗೈ ನೆಕ್ಕಿ ಮತ್ತೆ ಚಾಚಿದಳು. ಇನ್ನೊಂದು ಹಾಕಿದರು. ನೆಕ್ಕಿ ಮತ್ತೆ ಚಾಚಿದಳು. ಅವರು ಮುಂದೆ ಹೆಜ್ಜೆ ಇಟ್ಟದ್ದೇ ತಡ, ಎದ್ದು ಚೊಂಬು ಕಿತ್ತುಕೊಂಡು ಬಾಯಿಗೆ ಮಗುಚಿಕೊಂಡಳು. ತುಳಸಿ ಎಸಳು ಗದ್ದಕ್ಕೆ ಅಂಟಿತು.

"ಎಲಾ ಇವಳ! ಭಕ್ತಿ ಅಂದ್ರೆ ಇದು ಕಣ್ರಪ್ಪ!" ಕೃಷ್ಣಪ್ಪ ನಕ್ಕರು. "ತೆಗಿಯೋ ಒಂದು ಫೋಟೋ!"

"ಏ ದ್ಯಾವಿ, ಕಿತ್ಕೊಳ್ಳೇ!" ಸಂಪತ್ಕುಮಾರ ಕೂಗಿದ.

ದ್ಯಾವಮ್ಮ ಓಡಿಬಂದು ಚೊಂಬಿಗೆ ಕೈ ಹಾಕಿದಳು. ಪ್ರೇಮಕುಮಾರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಚೊಂಬಿನಲ್ಲಿ ಇನ್ನೂ ಅರ್ಧದಷ್ಟು ನೀರಿತ್ತು.

"ಛೆ ಛೆ, ನೀನ್ಯಾಕೆ ಮುಟ್ಟಿದೆ?" ಪುರೋಹಿತರು ಹಿಂದೆ ಸರಿದರು. "ಅದೇನೋ ಬುದ್ಧಿಯಿಲ್ಲದ ಜೀವ, ಎಂಜಲು ಮಾಡ್ತು. ನಿನಗೆ ಬುದ್ಧಿ ಇತ್ತಲ್ಲ? ಯಾವ ಕೇರಿಯವಳು ಅಂತ ನೆನಪಿರಬೇಡವೇ?"

"ತಪ್ಪಾಯ್ತು ಬುದ್ದಿ." ಚೊಂಬು ಅವಳ ಕೈಯಲ್ಲೇ ಇತ್ತು. "ಅಂಗಾರೆ ಉಳಿದಿದ್ದ ಇವ್ಕೇ ಕುಡಿಸ್ಬುಡ್ಲಾ?"

"ಮೈಲಿಗೆ ನೀರು ಎಲೆ ಮುಂದೆ ಕೂತವರಿಗೆ ಕೊಡ್ತಾರೇನೇ? ಗಿಡಕ್ಕೆ ಚೆಲ್ಲು, ಹೋಗು."

ಅವಳು ಗೇಟಿನ ಬಳಿಯ ದಾಸವಾಳದ ಬುಡಕ್ಕೆ ಹೋಗಿ ಚೊಂಬು ಬಗ್ಗಿಸಿದಳು. ತಿರುಗಿದಾಗ ಇಡೀ ಸಾಲು ಕತ್ತು ಚಾಚಿ ನೀರು ಇಂಗಿದ ಜಾಗವನ್ನೇ ನೋಡುತ್ತಿತ್ತು.

ಊಟವಾಯಿತು. ಲೋಟಕ್ಕೆ ನೀರು ಬಂದದ್ದು ಫೋಟೋಗಳೆಲ್ಲ ಮುಗಿದ ಮೇಲೆ. ಆಗಲೂ ಅರ್ಧರ್ಧ ಲೋಟ.

ಸಂಜೆ ಸ್ಕೂಟರ್ ಒದೆಯುತ್ತಾ ಸಂಪತ್ಕುಮಾರ ಹೇಳಿದ: "ಮಾನ ಕಳೆದುಬಿಟ್ಲು ಆ ಹುಚ್ಚಮುಂಡೆ. ನಾಳೆ ಬೆಳಿಗ್ಗೆ ಹಾಸನದಿಂದ ದೊಡ್ಡೋರು ಬರ್ತಾರೆ, ಹೊಸ ಕಟ್ಟಡ ಕಟ್ಟಿಸಿಕೊಡೋರು. ಈಗಿಂದ ಅವರು ಹೋಗೋವರೆಗೂ ಯಾರಿಗೂ ಒಂದು ತೊಟ್ಟೂ ಇಲ್ಲ. ತಿಳೀತಾ?"

"ತಿಳೀತು ಸಾ."

ಸ್ಕೂಟರಿನ ಸದ್ದು ರಸ್ತೆಯ ತಿರುವಿನಲ್ಲಿ ಕರಗಿತು. ದ್ಯಾವಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. ಹಿಡಿಗೆ ಸುಣ್ಣ ಮೆತ್ತಿತ್ತು. ಸೆರಗಿನಲ್ಲಿ ಒರೆಸಿ ನಲ್ಲಿಗೆ ಸಿಕ್ಕಿಸಿ ತಿರುಗಿಸಿದಳು. ಸದ್ದು ಕೇಳಿ ಅವರೇ ಬಂದರು, ಕೆಲವರು ತೆವಳಿಕೊಂಡು. ಪ್ರೇಮಕುಮಾರಿ ಕುಡಿದಳು, ನಿಲ್ಲಿಸಿ ಉಸಿರೆಳೆದುಕೊಂಡು ಮತ್ತೆ ಕುಡಿದಳು. ದ್ಯಾವಮ್ಮ ಯಾರನ್ನೂ ಸಾಕೆನ್ನಲಿಲ್ಲ. ಹಿಡಿಯನ್ನು ನಲ್ಲಿಯಲ್ಲೇ ಬಿಟ್ಟಳು.

ಬೆಳಗಾಗುವುದರೊಳಗೆ ಎಲ್ಲರ ದುಪ್ಪಟಿಯೂ ನೆನೆದಿರುತ್ತದೆ. ಅವಳು ಹಿತ್ತಲಿನ ಹಗ್ಗ ಬಿಚ್ಚಿ ತಂದು, ಆಶ್ರಮದ ಹೆಸರಿನ ಬೋರ್ಡಿನಿಂದ ಗೇಟಿನ ಕಂಬದವರೆಗೆ ಎಳೆದು ನೋಡಿದಳು. ಉದ್ದ ಸಾಲುತ್ತಿತ್ತು. ಗಂಟು ಬಿಗಿದಳು.

"ಏನವ್ವ ಅದು, ಕಾರು ನಿಲ್ಲೋ ತಾವ?" ರಸ್ತೆಯಲ್ಲಿ ಹೋಗುತ್ತಿದ್ದ ಚಲುವಯ್ಯ ಕೇಳಿದ.

"ಏನಿಲ್ಲ ಕಣಣ್ಣ, ಬಿಸಿಲು ಚೆಂದಾಗಿ ಬೀಳ್ತದೆ ಇಲ್ಲಿ" ಅಂದಳು. ನಾಳೆ ಬೆಳಿಗ್ಗೆ ದುಪ್ಪಟಿಗಳನ್ನು ಒಗೆಯದೆಯೇ ಹರವುತ್ತೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.