ಲ್ಯಾಟಿನ್ ಒಡಪು

ಕಸ್ತೂರಿಗೆ ಹೊಟ್ಟೆಕಿಚ್ಚು ಹತ್ತಿದ್ದು ಲ್ಯಾಟಿನ್ ಭಾಷೆಯಿಂದ ಎಂದರೆ ಶಹಾಪುರದಲ್ಲಿ ಯಾರು ನಂಬುತ್ತಾರೆ? ಆದರೂ ಮಾತು ಸುಳ್ಳಲ್ಲ. ಅವಳ ಗಂಡ ಬಸವಲಿಂಗ ಭೀಮರಾಯನಗುಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಗಿಡಗಳ ಲ್ಯಾಟಿನ್ ಹೆಸರುಗಳ ಬೆನ್ನು ಹತ್ತಿ ಹೋದವನು ಆ ಭಾಷೆಯ ವ್ಯಾಕರಣವನ್ನೇ ತಲೆಗೆ ಹಚ್ಚಿಕೊಂಡಿದ್ದ. ಭಾನುವಾರ ಪಡಸಾಲೆಯಲ್ಲಿ ಪಾಠ. ಬರುವವರು ಇಬ್ಬರೇ: ವಕೀಲಿ ಬಿಟ್ಟ ಬಾಷುಮಿಯಾ, ಕಾಲೇಜಿಗೆ ಹೊಸದಾಗಿ ಬಂದ ಭಾಗ್ಯ ಮೇಡಂ.

ಆ ಭಾಗ್ಯಳ ಜೊತೆ ಮಾತಾಡುವಾಗ ಅವನ ಬಾಯಲ್ಲಿ ಬೆಲ್ಲ. ಹೆಂಡತಿಗೆ ಮಾತ್ರ "ಚಾ ತಾ" ಅಷ್ಟೇ! ಕಸ್ತೂರಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಕಿವಿಯೆಲ್ಲ ಹೊರಗೆ, ಗಂಡನ ಪಾಠದ ಮೇಲೆ.

"ನಾವು 'ಬಾಳತಾನ' ಅನ್ನೋದನ್ನ 'ಬಾಳಲಿ' ಅಂತೀವಲ್ಲ, ಹಂಗ. ಲ್ಯಾಟಿನ್‌ದಾಗ ಹಾರೈಸೂಮುಂದ ಕ್ರಿಯಾಪದದ ಸ್ವರ ಬದಲಾಗ್ತದ. 'ಅಮತ್' ಪ್ರೀತಿಸ್ತಾನ, 'ಅಮೆತ್' ಪ್ರೀತಿಸಲಿ. 'ವೀವಿತ್' ಬಾಳತಾನ, 'ವೀವತ್' ಬಾಳಲಿ. ಹೋದ ವಾರ ಹೇಳಿದ 'ಹಬೆತ್', 'ರೆಗಿತ್', 'ಔದಿತ್' ಇವೂ ಹಂಗ ಬದಲಾಗ್ತಾವ. ಈಗ ನೀವೊಂದು ಹಾರೈಕಿ ಕಟ್ರಿ."

ಭಾಗ್ಯ ತಟ್ಟನೆ, "ಬಸವಲಿಂಗ ವೀವತ್!" ಎಂದಳು.

ಕಸ್ತೂರಿಯ ಕೈ ನಿಂತಿತು. ಗಂಡನ ಹೆಸರು ಅವಳ ಬಾಯಿಂದ ಹೊರಟದ್ದು ಮದುವೆಯಲ್ಲಿ, ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು ಅದನ್ನು ಪ್ರಾಸದಲ್ಲಿ ಹೆಣೆದ ಒಡಪು ಹೇಳಿಸಿದಾಗ ಮಾತ್ರ. ಆಮೇಲೆ ಬರೀ "ಇವರು". ಇವಳು ನೋಡಿದರೆ ಹೂವು ಎತ್ತಿದಂತೆ ಹೇಳಿಬಿಟ್ಟಳಲ್ಲ! ಅವನೋ, ಹಲ್ಲು ಕಿರಿದು "ಭೇಷ್ ಭೇಷ್" ಅಂತಾನೆ!

ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಂದೂ ಒಂದು ಕೇಳ್ರಿ.

ಅಮತ್ ಇದ್ದದ್ದು ಅಮೆತ್ ಆತು, ಹಬೆತ್ ಇದ್ದದ್ದು ಹಬೆಯತ್ ಆತು,
ರೆಗಿತ್ ರೆಗತ್, ಔದಿತ್ ಔದಿಯತ್, ಹಾರೈಕಿ ಮುಗೀತು,
ಬಸವಲಿಂಗರ ಬಾಜೂಕ ಕೂಡಾಕಿ ನಾನ ಅಂತ ಊರಿಗೆಲ್ಲ ಗೊತ್ತಾತು!"

"ವಾಹ್ ವಾ!" ಎಂದ ಬಾಷುಮಿಯಾ.

ಬಸವಲಿಂಗ ಬೆರಗಾದ. "ಒಂದೂ ತಪ್ಪಿಲ್ಲ! ಯಾರ್ ಕಲಿಸಿದ್ರು ನಿನಗ?"

"ಹೊಟ್ಟಿಕಿಚ್ಚು ಕಲಿಸ್ತ್ರಿ," ಎಂದಳು ಕಸ್ತೂರಿ. ಆಮೇಲೆ ಧ್ವನಿ ಇಳಿಯಿತು. "ನಾ ಅಂತೂ ನಿಮ್ಮ ಹೆಸರು ಹೇಳೂ ಹಂಗಿಲ್ಲ. ನೀವು ನನ್ನ ಹೆಸರು ಹಿಡಿದು ಕರ್ದು ಎಷ್ಟ ದಿನಾ ಆತು, ಹೇಳ್ರಿ?"

ಬಸವಲಿಂಗ ವ್ಯಾಕರಣದ ಹಾಳೆ ತಿರುವತೊಡಗಿದ. ಭಾಗ್ಯಳೇ ಎದ್ದು, "ಕಸ್ತೂರಕ್ಕಾ, ಬರ್ರಿ, ಇಲ್ಲಿ ಕೂಡ್ರಿ," ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಕಸ್ತೂರಿ ಕೂತಳು. ತನ್ನ ಹೆಸರನ್ನೂ ಗಂಡನಿಗಿಂತ ಮೊದಲು ಹಿಡಿದು ಕರೆದವಳು ಇವಳೇ ಆದಳಲ್ಲ ಎಂದು ಅವಳ ಹೊಟ್ಟೆ ಮತ್ತಷ್ಟು ಉರಿಯಿತು.