ಏನೂ ಬೆಳೆಯದ ರಕ್ತ

ನಮ್ಮ ದೊಡ್ಡಣ್ಣನಿಗೆ ಗೊತ್ತಿಲ್ಲದ್ದು ಲೋಕದಲ್ಲಿಲ್ಲ. ನನ್ನ ತಮ್ಮ ಸುಡುವ ಜ್ವರದಲ್ಲಿ ಆಸ್ಪತ್ರೆ ಸೇರಿದಾಗಲೂ, ಈ ಮಹಾನುಭಾವ ವಾರ್ಡಿನ ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತು ದರ್ಬಾರು ನಡೆಸಿದ. ತಮ್ಮನಿಗೆ ಎಚ್‌ಐವಿ ಇರುವುದು ಮನೆಯವರಿಗೆಲ್ಲ ಗೊತ್ತು. ದೊಡ್ಡಣ್ಣನ ಬಾಯಲ್ಲಿ ಮಾತ್ರ ಅದು ‘ಆ ವಿಷಯ’.

“ಗಾಳೀಲಿ ಅಂಟೋದಲ್ಲಣ್ಣ ಅದು, ಒಳಗೆ ಬಾ,” ಎಂದೆ.

“ನೀನು ಯಾವಾಗ ಡಾಕ್ಟರಾದೆ? ಸುಮ್ನಿರು.”

ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು: ಇಂಥವರಿಗೆ ಜ್ವರ ಬಂದರೆ ರೋಗಾಣು ರಕ್ತಕ್ಕೇ ಇಳಿದಿರಬಹುದು. ರಕ್ತವನ್ನು ಬಾಟಲಿಯಲ್ಲಿಟ್ಟು ಏನು ಬೆಳೆಯುತ್ತದೆಂದು ನೋಡಬೇಕು. ಅಲ್ಲಿಯವರೆಗೆ ಅಂದಾಜಿನ ಮೇಲೆ ಔಷಧಿ. ಎರಡೂ ತೋಳಿನಿಂದ ರಕ್ತ ತೆಗೆದರು.

“ಇರೋದೇ ಒಂದು ಹಿಡಿ ರಕ್ತ, ಅದನ್ನೂ ಹೀರ್ತಾರೆ!” ಬಾಗಿಲಿನಿಂದ ಅಪ್ಪಣೆಯಾಯಿತು.

ಜ್ವರ ಇಳಿಯಲಿಲ್ಲ. ಬಾಟಲಿಯಲ್ಲಿ ಏನೂ ಬೆಳೆದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದೇ ತಡ, ದೊಡ್ಡಣ್ಣ ಮೊದಲ ಬಾರಿಗೆ ಒಳಗೆ ಕಾಲಿಟ್ಟ. ಕರವಸ್ತ್ರ ಜೇಬು ಸೇರಿತು.

“ಕೇಳಿದ್ಯೇನೇ? ರಕ್ತ ಕ್ಲೀನು! ಆ ವಿಷಯವೆಲ್ಲ ಬರೀ ಸುಳ್ಳು. ನಮ್ಮ ಮನೆತನದ ರಕ್ತ ಅದು! ಅದಕ್ಕೇ ಅಂತ ದಿನಾ ನುಂಗೋ ಮಾತ್ರೆ ನಿಲ್ಸಿ, ನಾಳೆ ಮನೆಗೆ ಕರ್ಕೊಂಡ್ ಹೋಗೋಣ.”

ಅರ್ಧ ಕಲಿತವನ ಆರ್ಭಟ ಬಹಳ ಅನ್ನುತ್ತಾರೆ. ಕಾಲುಭಾಗವೂ ಕಲಿಯದವನದ್ದು ಇನ್ನೂ ಜೋರು.

“ಎಚ್‌ಐವಿ ಪರೀಕ್ಷೆನೇ ಬೇರೆ ಸಾರ್,” ಎಂದರು ಡಾಕ್ಟರಮ್ಮ. “ಆ ಮಾತ್ರೆ ನಿಲ್ಸಿದ್ರೆ ಇವರ ಜೀವಕ್ಕೇ ಅಪಾಯ. ಇಲ್ಲಿಗೆ ಬರೋ ಮುಂಚೆ ಜ್ವರಕ್ಕೆ ಏನಾದ್ರೂ ಕೊಟ್ಟಿದ್ರಾ?”

“ನಾವ್ಯಾಕೆ ಕೊಡೋಣ?” ದೊಡ್ಡಣ್ಣ ಫ್ಯಾನನ್ನೇ ನೋಡುತ್ತ ಹೇಳಿದ. ಯಜಮಾನಿಕೆಗೆ ಹೊರಟವನಿಗೆ ನೆಟ್ಟಗೆ ಒಂದು ಸುಳ್ಳು ಹೇಳಲೂ ಬರುವುದಿಲ್ಲ.

ತಮ್ಮನೇ ದಿಂಬಿನಿಂದ ತಲೆಯೆತ್ತಿದ. “ಅಣ್ಣ ಅಂಗಡಿಯಿಂದ ಕ್ಯಾಪ್ಸೂಲ್ ತಂದು ನುಂಗಿಸ್ದ. ಆಸ್ಪತ್ರೆ ಸೇರಿದ್ರೆ ಎಲ್ರಿಗೂ ಗೊತ್ತಾಗುತ್ತೆ, ಮರ್ಯಾದೆ ಹೋಗುತ್ತೆ ಅಂದ.”

“ಒಳ್ಳೇದಕ್ಕೇ ಕೊಟ್ಟೆ ಕಣೋ, ದರಿದ್ರದವನೇ!”

“ಆ ಅರೆಬರೆ ಔಷಧಿಗೆ ರೋಗಾಣು ಸತ್ತಿಲ್ಲ, ಅಡಗಿ ಕೂತಿರಬಹುದು, ಅದಕ್ಕೇ ಬಾಟಲೀಲಿ ಬೆಳೆದಿಲ್ಲ,” ಎಂದ ಡಾಕ್ಟರಮ್ಮ ಮತ್ತೆ ರಕ್ತ ತೆಗೆಸಿದರು. ಈ ಸಲ ಬೆಳೆಯಿತು. ಕೊಡುತ್ತಿದ್ದ ಔಷಧಿಗೆ ಜಗ್ಗದ ಜಾತಿಯ ರೋಗಾಣು. ಔಷಧಿ ಬದಲಾಯಿತು; ಜ್ವರ ಮೆಲ್ಲಗೆ ಇಳಿಯಿತು, ತಮ್ಮ ಗಂಜಿ ಕೇಳಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದೊಡ್ಡಣ್ಣ ಶುರುಮಾಡಿದ: “ಆ ರೋಗಾಣು ಇಲ್ಲೇ ಅಂಟಿದ್ದು! ಡಾಕ್ಟ್ರೇ, ಇನ್ಮೇಲೆ ಏನೇ ಇದ್ರೂ ನನ್ನ ಕೇಳಿ ಮಾಡಿ.”

“ಡಾಕ್ಟ್ರೇ,” ಎಂದ ತಮ್ಮ, ಗಂಜಿ ಲೋಟ ಕೆಳಗಿಟ್ಟು, “ಜ್ವರ ನಂದು, ಜೀವ ನಂದು. ನನ್ನ ಕೇಳಿ. ನನಗೆ ಎಚ್ಚರ ತಪ್ಪಿದ್ರೆ ಅಕ್ಕನ್ನ ಕೇಳಿ,” ಎಂದು ನನ್ನತ್ತ ಕೈ ತೋರಿಸಿದ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. ದೊಡ್ಡಣ್ಣ ಹೊರಗೆ ಹೋದ. ಮೊಗಸಾಲೆಯ ಬೆಂಚಿನಲ್ಲಿ ಯಾರೋ ಪಾಪದವರು ಸಿಕ್ಕಿರಬೇಕು. ಜ್ವರಕ್ಕೆ ಯಾವ ಕ್ಯಾಪ್ಸೂಲ್ ಒಳ್ಳೆಯದೆಂದು ಅವನು ವಿವರಿಸುತ್ತಿದ್ದದ್ದು ಒಳಗಿನವರೆಗೂ ಕೇಳುತ್ತಿತ್ತು.