ಸೆಕ್ರೆಟರಿ ಅಕ್ಕನ ಗೊಬ್ಬರ

ಹಾಸ್ಟೆಲಿನಲ್ಲಿ ಅಕ್ಕ ತಂಗಿ ಇಬ್ಬರೂ ಹೆಸರುವಾಸಿ. ಅಕ್ಕ ವಿದ್ಯಾರ್ಥಿ ಸಂಘದ ಸೆಕ್ರೆಟರಿ. ನಿಂತ ನಿಲುವಿನಲ್ಲೇ ಭಾಷಣ ಮಾಡಬಲ್ಲಳು, ಹಲ್ಲುಜ್ಜುವಾಗಲೂ ಮಾಡಿದ್ದುಂಟು. ತಂಗಿಗೆ ಸಿಕ್ಕ ಬಿರುದು ‘ಸಿಪ್ಪೆರಾಣಿ’. ಅಡುಗೆಮನೆಯ ಹಿಂದೆ, ಸ್ಕೂಟರ್ ಸ್ಟ್ಯಾಂಡಿಗೆಂದು ಆಗಲೇ ಸುಣ್ಣದ ಗೆರೆ ಬಿದ್ದಿದ್ದ ಮೂಲೆಯಲ್ಲಿ, ಹಳೆಯ ಇಟ್ಟಿಗೆ ಜೋಡಿಸಿ ಅವಳು ಗೊಬ್ಬರದ ತೊಟ್ಟಿ ಕಟ್ಟಿದ್ದಳು.

ತೊಟ್ಟಿ ಕಟ್ಟುವುದೇನೂ ಕಷ್ಟವಾಗಲಿಲ್ಲ. ಸಿಪ್ಪೆಗೊಂದು, ಪ್ಲಾಸ್ಟಿಕ್ಕಿಗೊಂದು ಎಂದು ಎರಡು ಬಕೆಟ್ಟು ಇಟ್ಟುಕೊಳ್ಳಲು ಹುಡುಗಿಯರನ್ನು ಒಪ್ಪಿಸುವುದರಲ್ಲಿ ಸಾಕುಸಾಕಾಯಿತು. ಹಿಂದೊಮ್ಮೆ ಆಫೀಸಿನವರು ಬಣ್ಣಬಣ್ಣದ ಡಬ್ಬ ಇಡಿಸಿದ್ದರು. ಎಲ್ಲರೂ ಭಕ್ತಿಯಿಂದ ಬೇರೆಬೇರೆ ಹಾಕಿದ್ದರು. ಕಸದ ಗಾಡಿ ಬಂದು ಅಷ್ಟನ್ನೂ ಒಂದೇ ಹೊಟ್ಟೆಗೆ ಸುರಿದುಕೊಂಡು ಹೋಗಿತ್ತು.

“ಕೊನೆಗೆ ಆ ಗಾಡಿಗೇ ತಾನೆ ಹೋಗೋದು?” ಎಂದಿದ್ದಳು ಅಡುಗೆಮನೆಯ ದೊಡ್ಡಮ್ಮ. “ಸುಮ್ನೆ ನಮಗ್ಯಾಕೆ ಎರಡೆರಡು ಕೆಲಸ?”

“ಇಲ್ಲ ದೊಡ್ಡಮ್ಮ. ನೀವು ಕೊಟ್ಟಿದ್ದರಲ್ಲಿ ಒಂದು ಎಲೆನೂ ಗಾಡಿಗೆ ಹೋಗಲ್ಲ. ಮಾತು ಕೊಡ್ತೀನಿ.”

ಅದೇ ಮಾತನ್ನು ತಂಗಿ ಒಂದೊಂದು ರೂಮಿನ ಬಾಗಿಲಲ್ಲೂ ನಿಂತು ಕೊಟ್ಟಳು. ಮೊದಮೊದಲು ನಕ್ಕವರು ಆಮೇಲಾಮೇಲೆ ಟೀ ಚರಟವನ್ನೂ ಜೋಪಾನವಾಗಿ ತಂದು ಹಾಕತೊಡಗಿದರು. ಕೊಳೆಯುತ್ತ ಕಾವೇರಿದ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಕೈಗೆ ಬಿಸಿ ತಾಗುತ್ತಿತ್ತು. ಮಗುವಿನ ಜ್ವರ ನೋಡುವವರ ಹಾಗೆ ಹುಡುಗಿಯರು ಸಾಲಾಗಿ ಬಂದು ಸರಳು ಮುಟ್ಟಿ, “ಇವತ್ತು ಜಾಸ್ತಿ ಇದೆ ಕಣೇ” ಎಂದು ವರದಿ ಒಪ್ಪಿಸಿ ಹೋಗುತ್ತಿದ್ದರು.

ಅಷ್ಟರಲ್ಲಿ ಮೂಲೆ ತೊಟ್ಟಿಗೋ ಸ್ಕೂಟರಿಗೋ ಎಂಬುದರ ಇತ್ಯರ್ಥಕ್ಕೆ ಪ್ರಿನ್ಸಿಪಾಲರು ಬರುವುದೆಂದಾಯಿತು. ಗೊಬ್ಬರ ತಯಾರಾಗಿದೆ ಎಂದು ಅಕ್ಕ ಅವರಿಗೆ ಹೇಳಿಯೂ ಬಿಟ್ಟಿದ್ದಳು.

“ಇನ್ನೂ ಮಾಗಿಲ್ಲ ಅಕ್ಕಾ. ಇರೋ ಹಾಗೇ ತೋರ್ಸೋಣ. ಬಿಸಿ ಮುಟ್ಟಿ ನೋಡ್ಲಿ.”

“ಕೊಳೆತ ಕೋಸಿನೆಲೆ ತೋರ್ಸಿ ಜಾಗ ಕೇಳ್ತೀಯಾ? ಮೂಗು ಮುಚ್ಕೊಂಡೇ ಸ್ಕೂಟರ್ ಸ್ಟ್ಯಾಂಡಿಗೆ ಸೈನ್ ಹಾಕಿ ಹೋಗ್ತಾರೆ. ನೀನು ಪರೀಕ್ಷೆ ಬರೆದು ಬಾ. ನಾನಿದ್ದೀನಲ್ಲ.”

‘ನಾನಿದ್ದೀನಲ್ಲ’ ತಂಗಿಗೆ ಹೊಸದಲ್ಲ. ಸೈಕಲ್ ಕಲಿಯುವಾಗಲೂ ಬೆನ್ನ ಹಿಂದೆ ಇದೇ ಮಾತು. ಆಗ ಅಕ್ಕ ನಿಜಕ್ಕೂ ಹಿಂದೆ ಇರುತ್ತಿದ್ದಳು. ತಂಗಿ ನಿಶ್ಚಿಂತೆಯಿಂದ ಪರೀಕ್ಷೆಗೆ ಹೋದಳು.

ಮುಗಿಸಿ ಓಡಿಬಂದಾಗ ತೊಟ್ಟಿಯ ಸುತ್ತ ಪ್ರಿನ್ಸಿಪಾಲರು, ಅವರ ಜೊತೆ ಬಂದ ಅತಿಥಿಗಳು, ಹುಡುಗಿಯರು. ಒಳಗೆ ಕಪ್ಪಗೆ, ಜರಡಿ ಹಿಡಿದ ಹಾಗೆ ನುಣ್ಣಗಿದ್ದ ಪುಡಿ. ಅವಳು ಕೈ ತೂರಿಸಿದಳು. ತಣ್ಣಗಿತ್ತು.

“ವಾಸನೆಯೇ ಇಲ್ಲವಲ್ಲ!” ಎಂದು ಪ್ರಿನ್ಸಿಪಾಲರು ಬೆರಗಾದರು.

“ಅದೇ ಮೇಡಂ ಇದರ ವಿಶೇಷ,” ಎಂದಳು ಅಕ್ಕ.

ತಂಗಿ ಅವಳ ತೋಳು ಹಿಡಿದೆಳೆದಳು. “ನಮ್ದು ಎಲ್ಲಿ?”

“ಆಮೇಲೆ ಹೇಳ್ತೀನಿ.”

“ಎಲ್ಲಿ ಅಕ್ಕಾ?”

“ಗಾಡಿಗೆ ಹಾಕಿಸ್ದೆ. ಇದು ನರ್ಸರಿಯಿಂದ ತರಿಸಿದ್ದು. ಹಲ್ಲು ಬಿಡು, ಫೋಟೋ ತೆಗೀತಿದಾರೆ.”

ಒಂದು ಮಾತು ಆಡಿದರೆ ಮೂಲೆ ಹೋಗುತ್ತಿತ್ತು. ತಂಗಿ ಹಲ್ಲು ಬಿಟ್ಟಳು. ಜಾಗ ಇನ್ನು ನಿಮ್ಮದೇ ಎಂದು ಪ್ರಿನ್ಸಿಪಾಲರು ಘೋಷಿಸಿದರು. ಚಪ್ಪಾಳೆ ಬಿತ್ತು, ಅತಿಥಿಗಳದು ಜೋರಾಗಿ, ಹುಡುಗಿಯರದು ಅಲ್ಲೊಂದು ಇಲ್ಲೊಂದು.

ಸಂಜೆ ಅಡುಗೆಮನೆಯಿಂದ ಬಂದದ್ದು ಒಂದೇ ಬಕೆಟ್ಟು. ಆಲೂಗಡ್ಡೆ ಸಿಪ್ಪೆ, ಹಾಲಿನ ಪ್ಯಾಕೆಟ್ಟು, ಒಡೆದ ಬಲ್ಬು, ಎಲ್ಲ ಅದರಲ್ಲೇ.

“ದೊಡ್ಡಮ್ಮ, ಗಾಡಿಗೆ ಹೋಯ್ತು ಅಂತ ನೀವು ಎಲ್ಲರಿಗೂ ಹೇಳಿದ್ರಾ?”

“ನಾನ್ಯಾಕೆ ಹೇಳ್ಲಿ ತಾಯಿ? ಆ ಗಾಡಿ ಆವಿ ಬಿಡ್ತಾ ಹೋಯ್ತು, ಟೀ ಕೆಟ್ಲು ಹೋದ ಹಾಗೆ. ಕಿಟಕಿ ಇರೋರೆಲ್ಲ ನೋಡಿದ್ರು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಣ್ಣದ ಡಬ್ಬಗಳ ವಿಷಯ ಮಾತಾಡುವಾಗಲೂ ಅವಳು ಹೀಗೇ ಮಾತಾಡುತ್ತಿದ್ದಳು.

ತಂಗಿ ಬಕೆಟ್ಟನ್ನು ನೆಲಕ್ಕೆ ಸುರಿದು, ಕೂತು, ಗಾಜಿನ ಚೂರು ಆರಿಸತೊಡಗಿದಳು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಂದಳು.

“ಇನ್ನೂ ಮುಖ ಊದಿಸ್ಕೊಂಡಿದ್ದೀಯಾ? ಜಾಗ ಸಿಕ್ತಲ್ಲೇ! ಯಾರಿಗೋಸ್ಕರ ಮಾಡ್ದೆ ನಾನು?”

“ಗಾಡಿಗೆ ಹೋಗಲ್ಲ ಅಂತ ರೂಮುರೂಮಿಗೂ ಹೋಗಿ ಹೇಳಿದ್ದೆ ಅಕ್ಕಾ. ನೀನೂ ನನ್ನ ಜೊತೆ ಬಂದಿದ್ದೆ. ಪಕ್ಕದಲ್ಲೇ ನಿಂತಿದ್ದೆ.”

“ಸಿಪ್ಪೆ ಕಣೇ ಅದು! ನಾಳೆ ಮತ್ತೆ ಹಾಕ್ತಾರೆ.”

“ನೀನೇ ಹೋಗಿ ಕೇಳು ಹಾಗಾದ್ರೆ. ಗಾಡಿಗೆ ಹಾಕ್ಸಿದ್ದು ನಾನು, ಅವಳಲ್ಲ ಅಂತ ಹೇಳಿ ಕೇಳು.”

“ಹುಚ್ಚಾ ನಿಂಗೆ? ನಾನು ಸೆಕ್ರೆಟರಿ.”

ಅಷ್ಟರಲ್ಲಿ ಅಕ್ಕನಿಗೆ ಅಮ್ಮನ ಫೋನು ಬಂತು. ಫೋಟೋ ಊರೆಲ್ಲ ತಿರುಗಿ ಅಮ್ಮನನ್ನೂ ಮುಟ್ಟಿತ್ತು. ಅಕ್ಕ ನಗುತ್ತ ಮಾತಾಡಿ, ಫೋನನ್ನು ತಂಗಿಯ ಕಿವಿಗೆ ಹಿಡಿದಳು.

“ಏನೇ, ಗೊಬ್ಬರ ಅಷ್ಟು ಚೆನ್ನಾಗಿ ಬಂದಿದೆಯಂತೆ!”

“ಅದು ನಮ್ದಲ್ಲಮ್ಮ, ಅಂಗಡಿದು. ನಮ್ದನ್ನ ಅಕ್ಕ ಕಸಕ್ಕೆ ಹಾಕಿಸಿದ್ಲು.”

ಫೋನು ಕಿವಿಯಿಂದ ಸರಿಯಿತು. ಅಕ್ಕ ಗೋಡೆಯ ಆಚೆಗೆ ನಡೆದಳು.

“ಅಯ್ಯೋ, ತಮಾಷೆ ಮಾಡ್ತಾಳಮ್ಮ ಅವಳು. ನಿಂಗೊತ್ತಿಲ್ವಾ ಅವಳ ಬುದ್ಧಿ?” ಎಂಬುದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಫೋನಿನಲ್ಲಿ ಅಮ್ಮ ಜೋರಾಗಿ ನಕ್ಕದ್ದೂ ಕೇಳಿಸಿತು.